ಹೊಟ್ಟೆಬಾಕನನ್ನು ಮನೆಗೆ ತಂದವಳು

ಆಸ್ಪತ್ರೆಯ ನೆಲ ಒರೆಸುವಾಕೆ ಮಾಪನ್ನು ಬಕೆಟ್ಟಿನಿಂದ ಎತ್ತಿ ಹಿಂಡಿದಳು, ನೀರು ಒಂದು ಗೆರೆಯಾಗಿ ನನ್ನ ಚಪ್ಪಲಿಯ ಕಡೆಗೇ ಬರುತ್ತಿದೆ, ಸ್ವಲ್ಪ ಕಾಲೆತ್ತಮ್ಮಾ, ಎತ್ತಿದೆ, ಬೆಳ್ಳಗಿನ ನೀರು, ಅದಕ್ಕೆ ಹಾಕಿರುವ ಔಷಧಿ ಎಲ್ಲಾ ಕ್ರಿಮಿಗಳನ್ನೂ ಕೊಲ್ಲುತ್ತದೆ ಎಂದು ಡಬ್ಬಿಯ ಮೇಲೆ ದಪ್ಪಕ್ಷರದಲ್ಲಿ ಬರೆದಿರುತ್ತಾರೆ, ಎಲ್ಲಾ ಅಂದರೆ ಎಲ್ಲಾ ಅಲ್ಲ, ಕೆಲವು ಆ ಡಬ್ಬಿಯೊಳಗೇ ಸಂಸಾರ ಹೂಡಿಕೊಂಡು ಆರಾಮಾಗಿ ಇದ್ದುಬಿಡುತ್ತವೆ, ನನಗೆ ಗೊತ್ತು, ನನಗೆ ಎಲ್ಲಾ ಗೊತ್ತು, ಗೊತ್ತಿದ್ದದ್ದನ್ನು ಬಾಯಿಬಿಟ್ಟು ಹೇಳುವುದು ಹೇಗೆ ಅನ್ನುವುದೊಂದು ಬಿಟ್ಟು. ನಿನ್ನೆಯೇ ಹೇಳಬಹುದಿತ್ತು. ಡಾಕ್ಟರ್ ಇದೇ ಬಾಗಿಲ ಹತ್ತಿರ ನಿಂತು, ಕನ್ನಡಕವನ್ನು ತಲೆಯ ಮೇಲೆ ಏರಿಸಿಕೊಂಡು ಅಕ್ಕನನ್ನು ಕೇಳಿದರು, ನೋಡಿಮ್ಮ, ಮಗು ಕಫದಲ್ಲಿ ಬೆಳೀತಿರೋದು ಮಣ್ಣಿನ ಬ್ಯಾಕ್ಟೀರಿಯಾ, ನಿಮಗೂ ನನಗೂ ಅದು ಏನೂ ಮಾಡಲ್ಲ, ಇಂಥ ಶ್ವಾಸಕೋಶ ಸಿಕ್ಕಿದ್ರೆ ಮಾತ್ರ ಬಿಡಲ್ಲ, ಎಲ್ಲಾದ್ರೂ ಮಣ್ಣಲ್ಲಿ ಆಡಿದ್ಲಾ, ಚರಂಡಿ, ಗೊಬ್ಬರದ ಗುಂಡಿ, ಏನಾದ್ರೂ? ಅಯ್ಯೋ ಇಲ್ಲ ಡಾಕ್ಟ್ರೇ, ಅಂದಳು ಅಕ್ಕ, ಅಂಥದ್ದಕ್ಕೆಲ್ಲ ನಾವು ಅವಳನ್ನ ಬಿಡೋದೇ ಇಲ್ಲ, ಹಿತ್ತಲಲ್ಲಿ ಮೊದ್ಲು ಎಣ್ಣೆ ಗಲೀಜಿತ್ತು, ಅದನ್ನೂ ನೋಡಿ ಇವಳು, ನನ್ನ ತಂಗಿ, ಕ್ಲೀನ್ ಮಾಡ್ಕೊಟ್ಟಳು, ಇವಳು ಓದಿರೋದೇ ಅದು. ಹಾಗಂದು ನನ್ನ ಭುಜದ ಮೇಲೆ ಕೈಯಿಟ್ಟಳು, ಮಗಳು ಒಳಗೆ ಮೂಗಿಗೆ ನಳಿಕೆ ಸಿಕ್ಕಿಸಿಕೊಂಡು ಒರಗಿರುವಾಗಲೂ ಅವಳಿಗೆ ನನ್ನ ಬಗ್ಗೆ ಹೆಮ್ಮೆ, ಡಾಕ್ಟರ್ ನನ್ನ ಮುಖ ನೋಡಿ ಒಳ್ಳೇದು ಅಂದರು, ಅಷ್ಟರಲ್ಲಿ ಫೋನು ಬಂತು, ಹೋದರು. ನಾನು ನಕ್ಕೆ. ನಕ್ಕೆನಲ್ಲ, ಥೂ, ನನ್ನ ಜನ್ಮಕ್ಕಿಷ್ಟು, ಹೊಗಳಿದರು ಅಂತ ಹಲ್ಲು ಕಿರಿದೆ.

ಹೊಟ್ಟೆಬಾಕ. ನಮ್ಮ ಲ್ಯಾಬಿನಲ್ಲಿ ಮಣ್ಣಿನ ಎಣ್ಣೆ, ವಿಷ ತಿಂದು ಹಸನು ಮಾಡುವ ಬ್ಯಾಕ್ಟೀರಿಯಾ ತಳಿಗಳಿಗೆಲ್ಲ ನಂಬರು ಇದೆ, ಆದರೆ ದಿನಾ ಅವುಗಳ ಜೊತೆ ಏಗುವ ನಮಗೆ ನಂಬರು ಹಿಡಿಸುವುದಿಲ್ಲ, ಒಂದಕ್ಕೆ ಸೋಮಾರಿ ಅಂತ ಹೆಸರು, ಸ್ವಲ್ಪ ಬಿಸಿ ಹೆಚ್ಚಾದರೂ ಮುನಿಸಿಕೊಳ್ಳುವ ಇನ್ನೊಂದಕ್ಕೆ ಮದುಮಗಳು, ಇವನಿಗೆ ಹೊಟ್ಟೆಬಾಕ. ಹೆಸರಿಟ್ಟವಳು ನಾನೇ, ಹುಡುಕಿದವಳೂ ನಾನೇ, ಮುಚ್ಚಿಹೋದ ಬಣ್ಣದ ಕಾರ್ಖಾನೆಯ ಹಿಂದೆ, ಕಳೆ ಕೂಡ ಹುಟ್ಟದ ಜಾಗದಲ್ಲಿ, ತುಕ್ಕು ಹಿಡಿದ ಡ್ರಮ್ಮಿನ ಅಡಿಯಿಂದ ಒಂದು ಚಮಚ ಮಣ್ಣು ಕೆರೆದು ತಂದೆ, ಅದರಲ್ಲಿದ್ದ. ಡೀಸೆಲ್ ಕೊಟ್ಟರೆ ಡೀಸೆಲ್ ತಿಂದ, ಬಣ್ಣದ ತಿನ್ನರ್ ಕೊಟ್ಟರೆ ಅದನ್ನೂ ತಿಂದ, ಕೀಟನಾಶಕ ಹಾಕಿ ನೋಡೋಣ ಅಂದೆವು, ಅದನ್ನೂ ತಿಂದು ಇನ್ನೇನಿದೆ ಅನ್ನುವ ಹಾಗೆ ಕೂತ, ಒಮ್ಮೆ ಬರೀ ನೀರಿನ ಬಾಟಲಿಯಲ್ಲಿ ಮರೆತು ರಜೆಗೆ ಹೋಗಿದ್ದೆವು, ವಾಪಸು ಬಂದಾಗ ಆಗಲೂ ಇದ್ದ. ನಾವೆಲ್ಲ ಚಪ್ಪಾಳೆ ತಟ್ಟಿದೆವು. ಇದೇ ಬೇಕು ಅದೇ ಬೇಕು ಅನ್ನುವ ಹಟ ಇಲ್ಲದವನು, ಹಾಕಿದಲ್ಲಿ ಹೊಂದಿಕೊಂಡು ಹೋಗುವವನು ಅಂತ ನಾನು ಎಲ್ಲರ ಹತ್ತಿರ ಅವನ ಗುಣಗಾನ ಮಾಡುತ್ತಿದ್ದೆ, ಹಾಕಿದಲ್ಲಿ, ಹೌದು, ಎಲ್ಲಿ ಹಾಕಿದರೆ ಅಲ್ಲಿ, ಅವನಿಗೆ ಎಣ್ಣೆಯ ಮಣ್ಣೂ ಒಂದೇ ಆರು ವರ್ಷದ ಮಗುವಿನ ಎದೆಯ ಕಫವೂ ಒಂದೇ, ಅವನು ಕೆಟ್ಟವನಲ್ಲ, ಒಳ್ಳೆಯವನೂ ಅಲ್ಲ, ಹಸಿದವನು. ಕೆಟ್ಟವರು ಅಂತ ಯಾರಾದರೂ ಇದ್ದರೆ ಅದು ತಂದು ಹಾಕಿದವರು. ದೊಡ್ಡ ಮೇಡಂ ಮೊದಲ ದಿನವೇ ಹೇಳಿದ್ದರು, ನಮ್ಮ ಲ್ಯಾಬು ನಡೆಸುವವರು ಅವರು, ಇವನು ಒಳ್ಳೇ ಕೆಲಸಗಾರ ಕಣ್ರೇ, ಆದ್ರೆ ಮನೆಗಳ ಹತ್ರ ಬಿಡೋ ಜಾತಿ ಅಲ್ಲ, ಇವನ ದಾಯಾದಿಗಳು ಆಸ್ಪತ್ರೆಗಳಲ್ಲಿ ಹೆಸರು ಕೆಡಿಸ್ಕೊಂಡಿದ್ದಾರೆ, ಊರಾಚೆ ಬೇಲಿ ಹಾಕಿರೋ ಗುಂಡಿಗೆ ಮಾತ್ರ ಇವನು, ನಿಮ್ಮ ಮನೇಲಿ ಯಾರಿಗಾದ್ರೂ ಶ್ವಾಸಕೋಶದ ಕಾಯಿಲೆ ಇದ್ರೆ ಈಗ್ಲೇ ಹೇಳಿ, ಬೇರೆ ತಳಿ ಕೊಡ್ತೀನಿ. ನಾನು ಇಲ್ಲ ಅಂದೆ. ಸುಳ್ಳಲ್ಲವಲ್ಲ, ನನ್ನ ಮನೆ ಅಂದರೆ ಒಂದು ರೂಮು, ಒಂದು ಸ್ಟೌವು, ಒಂದು ಹಾಸಿಗೆ, ನಾನು. ಅಕ್ಕನ ಮನೆಯೇ ನನ್ನ ಮನೆ ಅಂತ ಉಳಿದ ಹೊತ್ತೆಲ್ಲ ಕೊಚ್ಚಿಕೊಳ್ಳುವವಳಿಗೆ ಆ ಒಂದು ಗಳಿಗೆ ಮಾತ್ರ ಅಕ್ಕನ ಮನೆ ಬೇರೆಯವರ ಮನೆಯಾಯಿತು, ಹೊಟ್ಟೆಬಾಕನನ್ನು ಬಿಟ್ಟುಕೊಡಲು ಮನಸ್ಸಿರಲಿಲ್ಲ, ಅಷ್ಟೇ.

ಬಾಗಿಲಿನ ಗಾಜಿನಲ್ಲಿ ಅಕ್ಕನ ಬೆನ್ನು ಕಾಣುತ್ತಿದೆ, ಬಗ್ಗಿ ಮಗುವಿನ ಪಾದ ಉಜ್ಜುತ್ತಿದ್ದಾಳೆ, ಆ ಕಡೆ ಹರಳು, ದಿಂಬಿಗೆ ಒರಗಿ ಕೂತೇ ನಿದ್ದೆ ಮಾಡುತ್ತಿದೆ, ಮಲಗಿದರೆ ಉಸಿರು ಕಟ್ಟುತ್ತದೆ. ಹರಳು ಅಂತ ಕರೆದವನು ಭಾವ. ಹುಟ್ಟಿದ ಹೊಸದರಲ್ಲಿ ಮುತ್ತು ಕೊಟ್ಟರೆ ತುಟಿಯೆಲ್ಲ ಉಪ್ಪಾಗುತ್ತಿತ್ತು, ಏನೇ ಇದು ನಿನ್ನ ಮಗಳು, ಉಪ್ಪಿನ ಹರಳು, ಅಂತ ನಗುತ್ತಿದ್ದ, ನಾವೂ ನಗುತ್ತಿದ್ದೆವು, ಆಮೇಲೆ ಆಸ್ಪತ್ರೆಯಲ್ಲಿ ಬೆವರನ್ನು ಪರೀಕ್ಷೆ ಮಾಡಿ, ಆ ಉಪ್ಪೇ ಕಾಯಿಲೆಯ ಗುರುತು, ಇದು ಹುಟ್ಟಿನಿಂದ ಬಂದದ್ದು, ಶ್ವಾಸಕೋಶದಲ್ಲಿ ಕಫ ಅಂಟಿನ ಹಾಗೆ ಗಟ್ಟಿಯಾಗುತ್ತಾ ಹೋಗುತ್ತದೆ ಅಂದರು, ಅಷ್ಟು ಹೊತ್ತಿಗೆ ಹೆಸರು ಅಂಟಿಕೊಂಡಿತ್ತು. ಅಕ್ಕನ ಮನೆಯ ಹಿಂದೆ ಒಂದು ಕಾಲಕ್ಕೆ ಲಾರಿ ರಿಪೇರಿಯ ಶೆಡ್ಡಿತ್ತಂತೆ, ಎಷ್ಟೋ ವರ್ಷ ಅವರು ಹಳೇ ಎಣ್ಣೆಯನ್ನೆಲ್ಲ ಹಿತ್ತಲಿಗೇ ಚೆಲ್ಲಿದ್ದರು, ಬಿಸಿಲೇರಿದರೆ ಮಣ್ಣಿನಿಂದ ಘಾಟು ಏಳುವುದು, ಹರಳು ಕೆಮ್ಮಲು ಶುರು, ಅಕ್ಕ ದಡಬಡ ಕಿಟಕಿ ಮುಚ್ಚುವಳು, ಸಂದಿಗೆ ಒದ್ದೆ ಬಟ್ಟೆ ತುರುಕುವಳು, ಕೂಸು ಗಾಜಿಗೆ ಹಣೆ ಒತ್ತಿಕೊಂಡು ಹೊರಗೆ ನೋಡುತ್ತಾ ಕೂರುವುದು. ನೋಡಲಾಗಲಿಲ್ಲ ನನಗೆ, ಇದು ಮಾತ್ರ ಸತ್ಯ, ಯಾರು ಏನೇ ಅನ್ನಲಿ, ನೋಡಲಾಗದೆಯೇ ಶುರುಮಾಡಿದ್ದು. ಮೊದಲು ಎಣ್ಣೆ ಮಣ್ಣಿಗೆ ಎಲ್ಲಾ ಕಡೆ ಹಾಕುವ ಮಾಮೂಲಿ ಬ್ಯಾಕ್ಟೀರಿಯಾ ಪುಡಿಯನ್ನೇ ತಂದು ಹಾಕಿದೆ, ಸಾಧು ಪುಡಿ ಅದು, ಯಾರಿಗೂ ಏನೂ ಮಾಡದ್ದು, ಅಲ್ಲೇ ನಿಲ್ಲಿಸಿದ್ದರೆ, ನಿಧಾನಕ್ಕೆ ಒಂದೆರಡು ವರ್ಷಕ್ಕೆ ಆಗುತ್ತಿತ್ತೋ ಏನೋ. ಭಾವ ಒಂದು ದಿನ ಹಲ್ಲುಜ್ಜುತ್ತಾ ಹಿತ್ತಲಲ್ಲಿ ನಿಂತು, ಏನಮ್ಮಾ ಮಣ್ಣಿನ ಡಾಕ್ಟ್ರೇ, ನಿನ್ನ ಪೇಷಂಟು ಇನ್ನೂ ಎದ್ದೇಳ್ಲಿಲ್ವಲ್ಲ, ಅಂದ. ತಮಾಷೆಗೇ ಅಂದದ್ದು. ನನಗೆ ಮೂಗಿನ ತುದಿಯಲ್ಲಿ ಸಿಟ್ಟು, ತಡಿ ಭಾವ ತೋರಿಸ್ತೀನಿ ಅಂದೆ, ಮುಂದಿನ ರಜಾ ದಿನ ಊಟದ ಚೀಲದಲ್ಲಿ, ಟವೆಲ್ಲಿನಲ್ಲಿ ಸುತ್ತಿ, ಹೊಟ್ಟೆಬಾಕನನ್ನು ತಂದೆ. ಅಗೆದೆ, ಸುರಿದೆ, ಅವನಿಗೆ ಹುರುಪು ಬರಲಿ ಅಂತ ಸಕ್ಕರೆ ನೀರು ಕುಡಿಸಿದೆ, ಪ್ರತಿ ರಜೆಗೂ ಹೋಗಿ ಗಾಳಿಯಾಡಲಿ ಅಂತ ಮಗುಚಿದೆ. ಜಿಡ್ಡು ಬಿಟ್ಟು ಮಣ್ಣು ಹುಡಿ ಹುಡಿಯಾಯಿತು. ಹುಲ್ಲು ಬಂತು. ಅಕ್ಕ ಕಿಟಕಿ ತೆರೆದು ಅಡುಗೆಮನೆಯಲ್ಲಿ ನಿಂತು ಅತ್ತಳು, ನೀನು ಹೊಟ್ಟೇಲಿ ಹುಟ್ಟಿದ ಮಗಳಿಗಿಂತ ಹೆಚ್ಚು ಕಣೇ ಅಂದಳು, ನಾನು ಅದನ್ನೂ ನಿಜ ಅಂತಲೇ ತೆಗೆದುಕೊಂಡೆ.

ಅಷ್ಟನ್ನು ಹೇಳಿದರೆ ಸಾಕಲ್ಲ, ತಂದೆ, ಸುರಿದೆ, ಅಷ್ಟು, ತಪ್ಪಾಯಿತು ಅಂತ ಕೈ ಮುಗಿದರೆ ಆಯಿತು, ಅಕ್ಕರೆಗೆ ಮಾಡಿದಳು ಅಂತ ಜನ ಮನ್ನಿಸಿಯಾರು, ಉಳಿದದ್ದನ್ನು ಯಾರು ಕೇಳುತ್ತಾರೆ, ಉಳಿದದ್ದು ಬೇಡ, ಆ ಕಡೆ ಹೋಗುವುದೇ ಬೇಡ, ಮಾಪು ಹಿಡಿದವಳು ಮೂಲೆ ತಲುಪಿದಳು, ಲಿಫ್ಟಿನ ಬಾಗಿಲು ತೆರೆಯಿತು, ಡಾಕ್ಟರ್ ಅಲ್ಲ, ಯಾರೋ ಹೂಜಿ ಹಿಡಿದ ಮುದುಕ — ಅಂಗೈ. ಅಂಗೈ ತುಂಬಾ ಮಣ್ಣು, ಅದರಲ್ಲಿ ಹುದುಗಿದ ಪುಟ್ಟ ಮೂಗು. ಬೇಡ ಅಂದರೂ ಬಂತು ನೋಡು. ಮಣ್ಣು ಎಷ್ಟು ಹಸನಾಗಿದೆ ಅಂತ ತಿಳಿಯಲು ಮೆಷಿನ್ನಿದೆ, ಅದಕ್ಕೆ ಸ್ಯಾಂಪಲ್ ಕಳಿಸಬೇಕು, ಕಾಯಬೇಕು, ಕದ್ದು ಮಾಡುವ ಕೆಲಸಕ್ಕೆ ಅದೆಲ್ಲ ಆಗುವುದಿಲ್ಲ, ಈ ಕಸುಬಿನವರೆಲ್ಲ ಒಳಗೊಳಗೆ ನಂಬುವುದು ಮೂಗನ್ನೇ, ಒಂದು ಹಿಡಿ ತೆಗೆದು ಮೂಸಿದರೆ ಎಣ್ಣೆ ಉಳಿದಿದೆಯೋ ಇಲ್ಲವೋ ತಕ್ಷಣ ಗೊತ್ತಾಗುತ್ತದೆ, ಗೊತ್ತಾಗುತ್ತದೆ ಮೂಗಿದ್ದವರಿಗೆ. ನನ್ನ ಮೂಗು ಎಂದೋ ಸತ್ತಿದೆ. ತಿನ್ನರು, ಡೀಸೆಲ್ಲು, ಇಷ್ಟು ವರ್ಷ ಅವುಗಳ ನಡುವೆ ಬಿದ್ದು ಬಿದ್ದು, ಪಕ್ಕದಲ್ಲಿ ಹಾಲು ಉಕ್ಕಿ ಸೀದು ಹೋದರೂ ನನಗೆ ತಿಳಿಯುವುದಿಲ್ಲ. ಲ್ಯಾಬಿನಲ್ಲಿ ಹೇಳಿಕೊಂಡಿಲ್ಲ, ಹೇಳಿದರೆ ಹೊರಗಿನ ಕೆಲಸದಿಂದ ತೆಗೆದು ಮೇಜಿಗೆ ಕೂರಿಸುತ್ತಾರೆ, ಜೊತೆಯವರು ಮೂಸಿ ಮುಖ ಹಿಂಡಿದರೆ ನಾನೂ ಹಿಂಡುತ್ತೇನೆ, ಅವರು ತಲೆಯಾಡಿಸಿದರೆ ನಾನೂ ಆಡಿಸುತ್ತೇನೆ, ಹಾಗೇ ನಡೆಸಿಕೊಂಡು ಬಂದಿದ್ದೇನೆ. ಅಕ್ಕನ ಹಿತ್ತಲಲ್ಲಿ ನೋಡಿಕೊಳ್ಳಲು ಯಾರ ಮುಖವಿತ್ತು? ಹರಳೂ, ಬಾರೇ ಇಲ್ಲಿ, ನಿನ್ನ ಮೂಗು ಸ್ವಲ್ಪ ಬಾಡಿಗೆಗೆ ಕೊಡು.

ಅದಕ್ಕೆ ಎಷ್ಟು ಖುಷಿಯಾಯಿತು ಅಂದರೆ. ಓಡಬೇಡ, ನೆನೆಯಬೇಡ, ಅವರ ಹತ್ತಿರ ಹೋಗಬೇಡ, ಇದನ್ನು ಮುಟ್ಟಬೇಡ, ಹುಟ್ಟಿದಾಗಿನಿಂದ ಬರೀ ಬೇಡಗಳನ್ನೇ ಕೇಳಿದ ಕೂಸಿಗೆ ಯಾರೋ ಮೊದಲ ಸಲ ಒಂದು ಕೆಲಸ ಕೊಟ್ಟಿದ್ದರು, ನಿನ್ನಿಂದಲೇ ಆಗಬೇಕು ಅಂದಿದ್ದರು. ಅಕ್ಕ ಸ್ನಾನಕ್ಕೆ ಹೋದಾಗಲೋ ಮಧ್ಯಾಹ್ನ ಒರಗಿದಾಗಲೋ ನಾವಿಬ್ಬರೂ ಹಿತ್ತಲಿಗೆ, ಅಮ್ಮಂಗೆ ಹೇಳ್ಬೇಡ ಆಯ್ತಾ, ಇದು ನಮ್ಮಿಬ್ಬರ ಆಫೀಸು, ಆಯ್ತು ಚಿಕ್ಕಮ್ಮ, ನಾನು ಮೂಸೋ ಆಫೀಸರ್ರು ಅಲ್ವಾ? ಮೊದಲ ಸಲ ಮುಖ ಕಿವುಚಿ ಛೀ ಪೆಟ್ರೋಲ್ ಬಂಕು ಅಂದಿತು, ಅದಾದ ಮೇಲೆ ಹಳೇ ಸೈಕಲ್ಲು ಅಂದಿತು, ಆಮೇಲೊಂದು ದಿನ ಯೋಚಿಸಿ ಯೋಚಿಸಿ, ಅಪ್ಪನ ಶರ್ಟು, ಅಂದಿತು, ಬಿದ್ದು ಬಿದ್ದು ನಕ್ಕೆವು, ಭಾವನದು ಪ್ರಿಂಟಿಂಗ್ ಪ್ರೆಸ್ಸಿನ ಕೆಲಸ. ನಕ್ಕಿದ್ದಕ್ಕೆ ಕೆಮ್ಮು ಬಂತು, ಬೆನ್ನು ತಟ್ಟಿದೆ, ಮತ್ತೆ ಮೂಸಿಸಿದೆ. ಮತ್ತೆ. ಸರಿಯಾಗಿ ನೋಡೇ, ಮೇಲೆ ಮೇಲೆ ಅಲ್ಲ, ಉಸಿರಾಟದ ವ್ಯಾಯಾಮ ಹೇಳಿಕೊಡೋ ಆಂಟಿ ಏನು ಹೇಳಿದಾರೆ, ಹೊಟ್ಟೆ ತನಕ ಎಳ್ಕೋಬೇಕು ಅಂತ ಅಲ್ವಾ, ಹಾಗೆ ಎಳಿ. ಎಷ್ಟು ಚೆನ್ನಾಗಿ ಕಲಿತಿತ್ತು, ದಿನಾ ಬೆಳಿಗ್ಗೆ ಸಂಜೆ ಅದೇ ಅಭ್ಯಾಸ, ಬದುಕಲಿ ಅಂತ ಕಲಿಸಿದ ಉಸಿರು ಅದು, ಕಣ್ಣು ಮುಚ್ಚಿ, ಭುಜ ಇಳಿಬಿಟ್ಟು, ಹೊಟ್ಟೆ ಉಬ್ಬುವ ಹಾಗೆ ಎಳೆದುಕೊಂಡಿತು, ಸ್ವಲ್ಪ ಹೊತ್ತು ಹಿಡಿದಿಟ್ಟುಕೊಂಡಿತು. ಏನೂ ಇಲ್ಲ ಚಿಕ್ಕಮ್ಮ, ಬರೀ ಮಣ್ಣು.

ಇರು, ಅವನೇ ಅಂತ ಹೇಗೆ ಹೇಳುತ್ತೀ, ರುಜುವಾತು ಏನಿದೆ, ಅವನ ಕುಲದವರು ಎಲ್ಲೆಲ್ಲೂ ಇದ್ದಾರೆ, ಈರುಳ್ಳಿ ಒಳಗೊಳಗೆ ಕೊಳೆಯುತ್ತದಲ್ಲ ಅದೂ ಅವರದೇ ಕೆಲಸ, ಅಕ್ಕನ ಅಡುಗೆಮನೆಯ ಬುಟ್ಟಿಯಲ್ಲಿ ಯಾವತ್ತೂ ಒಂದೆರಡು ಕೊಳೆತದ್ದು ಇದ್ದೇ ಇರುತ್ತದೆ, ಸಿಂಕಿನಿಂದ ಬಂದಿರಬಹುದು, ಸ್ಕೂಲಿನಿಂದ, ಇದೇ ಆಸ್ಪತ್ರೆಯ ನಲ್ಲಿಯಿಂದ ಬಂದಿರಬಹುದು, ಅಯ್ಯೋ ಸುಮ್ಮನಿರೇ, ಈರುಳ್ಳಿಯ ಮೇಲೆ ಹೊರಿಸಲು ಹೊರಟಿದ್ದೀಯಲ್ಲ, ಅಕ್ಕ ಕೇಳಿದರೆ ಹೋಗಿ ಬುಟ್ಟಿಯನ್ನೇ ತೊಳೆದು ತನ್ನ ತಪ್ಪು ಅಂತ ಅಳುತ್ತಾಳೆ. ನಾಳಿದ್ದು ರಿಪೋರ್ಟು ಬರುತ್ತದೆ, ಯಾವ ಔಷಧಿಗೆ ಸಾಯುತ್ತದೆ ಅಂತ ಗೊತ್ತಾಗುತ್ತದೆ, ಅಲ್ಲಿಯ ತನಕ ಕಾಯಬಹುದು, ನನ್ನ ಹೆಸರು ಬರುವುದೇ ಇಲ್ಲ, ನಾಳಿದ್ದು. ಆ ಉಸಿರು ನಾಳಿದ್ದಿನ ತನಕ ಕಾಯುತ್ತದೆಯೇ? ಜ್ವರ ಇಳಿಯುತ್ತಿಲ್ಲ, ಬೆಳಿಗ್ಗೆ ನರ್ಸು ನಳಿಕೆಯ ಗಾಳಿ ಜಾಸ್ತಿ ಮಾಡಿ ಹೋದಳು. ಈಗ ಕೊಡುತ್ತಿರುವ ಔಷಧಿಯ ಹೆಸರನ್ನು ಬಾಟಲಿಯ ಮೇಲೆ ಓದಿದೆ, ಹೊಟ್ಟೆಬಾಕನಿಗೆ ಅದು ತಿಂಡಿಗೆ ಸಮ. ಯಾವುದೇ ತಳಿಯನ್ನು ಮಣ್ಣಿಗೆ ಬಿಡುವ ಮೊದಲು ಅದು ಕೈಮೀರಿದರೆ ಏನು ಕೊಡಬೇಕು ಅಂತ ನಾವು ಪರೀಕ್ಷೆ ಮಾಡಿಟ್ಟುಕೊಂಡಿರುತ್ತೇವೆ, ಇವನಿಗೆ ಒಂದೊಂದೇ ಕೊಟ್ಟರೆ ಯಾವುದೂ ನಾಟುವುದಿಲ್ಲ, ಎರಡನ್ನು ಒಟ್ಟಿಗೆ ಕೊಡಬೇಕು, ಆ ಎರಡು ನನಗೆ ಗೊತ್ತು, ಈ ಕಟ್ಟಡದಲ್ಲಿ ನನಗೊಬ್ಬಳಿಗೇ ಗೊತ್ತು, ನನ್ನ ನಾಲಿಗೆಯ ಮೇಲೆ ಕೂತಿವೆ, ಬೆಳಿಗ್ಗೆಯಿಂದ ನುಂಗಿಕೊಂಡು ಕೂತಿದ್ದೇನೆ. ಅಕ್ಕನಿಗೆ ಗೊತ್ತಾಗದ ಹಾಗೆ ಡಾಕ್ಟರ್ ಒಬ್ಬರೇ ಸಿಕ್ಕಿದಾಗ ಹೇಳಿಬಿಡೋಣ ಅಂತ ಲಿಫ್ಟಿನ ಎದುರು ಕುರ್ಚಿ ಹಿಡಿದಿದ್ದೇನೆ, ಮಗು ಬದುಕಬೇಕು, ಅಕ್ಕನೂ ನನಗೆ ಉಳಿಯಬೇಕು, ಎರಡೂ ಬೇಕು, ಹೊಟ್ಟೆಬಾಕ ಅಂತ ಯಾರಿಗೆ ಹೆಸರಿಟ್ಟೆ ನಾನು.

ಬಾಗಿಲು ತೆರೆಯಿತು, ಅಕ್ಕ. ಕೂದಲು ಬಾಚಿಲ್ಲ, ಕೈಯಲ್ಲಿ ಒಂದು ಬನ್ನು, ಅರ್ಧ ಮುರಿದು ನನ್ನ ಮುಂದೆ ಹಿಡಿದಳು, ತಗೋ, ಬೆಳಗ್ಗಿಂದ ಏನೂ ಹಾಕ್ಕೊಂಡಿಲ್ಲ ಹೊಟ್ಟೆಗೆ, ಬೇಡ ಅಕ್ಕ, ತಿನ್ನೇ ಸುಮ್ನೆ, ನೀನೂ ಬಿದ್ರೆ ನಾನು ಯಾರನ್ನ ನೋಡ್ಲಿ, ಅಂದು ಪಕ್ಕದಲ್ಲಿ ಕೂತು ನನ್ನ ಹೆಗಲಿಗೆ ತಲೆ ಆನಿಸಿದಳು, ಭಾರವಿಲ್ಲದ ತಲೆ, ಬಟ್ಟೆ ತರಲು ಮನೆಗೆ ಹೋದ ಭಾವ ಹಿತ್ತಲಿನ ಬಾಗಿಲು ಹಾಕಿದಾನೋ ಇಲ್ವೋ ಅಂದಳು, ಎಚ್ಚರ ಆದಾಗೆಲ್ಲ ನಿನ್ನನ್ನೇ ಕೇಳ್ತಾಳೆ ಕಣೇ, ಚಿಕ್ಕಮ್ಮ ಆಫೀಸಿಗೆ ಹೋದ್ಲಾ ಅಂತ, ನಮ್ಮ ಆಫೀಸು ಅಂತಾಳೆ, ಏನೇ ಅದು, ನಿಮ್ಮಿಬ್ಬರ ಗುಟ್ಟು? ಬನ್ನಿನ ಒಂದು ಚೂರು ಕಿತ್ತು ಬಾಯಿಗೆ ಹಾಕಿಕೊಂಡೆ. ಹೇಳ್ಲಿಲ್ಲ ಅವಳು, ಅಮ್ಮಂಗೆ ಹೇಳಬಾರ್ದು ಅಂದಳು, ಅಂತ ಅಕ್ಕ ಸ್ವಲ್ಪ ನಕ್ಕಳು. ಉಸಿರಿಗೆ ಒದ್ದಾಡುತ್ತಿರುವ ಕೂಸು ನನಗೆ ಕೊಟ್ಟ ಮಾತು ಉಳಿಸಿಕೊಂಡಿದೆ, ನಾನೋ, ಇಷ್ಟು ಬೆಳೆದ ಕತ್ತೆ, ಅಮ್ಮ ಇಲ್ಲದ ನನಗೆ ಜಡೆ ಹಾಕಿ ಸ್ಕೂಲಿಗೆ ಕಳಿಸಿದವಳು ಇವಳು, ನನಗೆ ಓದು ಬೇಕು ಅಂತ ತನ್ನ ಓದು ಬಿಟ್ಟವಳು, ಅವಳ ಹೆಗಲು ನನ್ನ ಹೆಗಲಿಗೆ ತಾಗಿದೆ, ಈ ಒಂದು ಗಳಿಗೆ ಹೀಗೇ ಇರಲಿ, ಇನ್ನೊಂದು ಗಳಿಗೆ, ಲಿಫ್ಟು ಬಂತು.

ಡಾಕ್ಟರ್ ಇಬ್ಬರನ್ನೂ ಒಟ್ಟಿಗೇ ನೋಡಿ ನಿಂತರು, ಕನ್ನಡಕ ಕೆಳಗಿಳಿಸಿದರು, ಅಮ್ಮ, ಎಕ್ಸ್‌ರೇ ನೋಡಿದೆ, ಎಡಗಡೆಗೂ ಹರಡ್ತಾ ಇದೆ, ರಿಪೋರ್ಟ್ ಬರೋ ತನಕ ಇದೇ ಔಷಧಿ ಕೊಡ್ತಿರೋಣ, ಬೇರೆ ದಾರಿ — ದಾರಿ ಇದೆ ಡಾಕ್ಟ್ರೇ, ಅಂದೆ. ನನ್ನ ದನಿ ನನಗೇ ಗುರುತು ಸಿಗಲಿಲ್ಲ. ಕಾಯ್ಬೇಡಿ, ಅದು ನಮ್ಮ ಲ್ಯಾಬಿಂದು, ನಾನೇ ತಂದು ಹಿತ್ತಲಿಗೆ ಹಾಕಿದ್ದು, ಅವಳ ಕೈಲಿ ಮಣ್ಣು ಮೂಸಿಸಿದೀನಿ, ಎಷ್ಟೋ ಸಲ, ಎಣ್ಣೆ ವಾಸನೆ ಹೋಯ್ತಾ ಅಂತ ನೋಡೋಕೆ, ಅಂದು ಆ ಎರಡು ಔಷಧಿಗಳ ಹೆಸರು ಹೇಳಿದೆ, ಎಷ್ಟೆಷ್ಟು ಅಂತ ಹೇಳಿದೆ, ದೊಡ್ಡ ಮೇಡಂ ನಂಬರು ಕೊಟ್ಟೆ, ನಿನ್ನೆಯಿಂದ ಬಾರದ ಮಾತು ಈಗ ನಿಲ್ಲಲೇ ಇಲ್ಲ. ಮೂಸಿಸಿದ್ರಾ, ಅಂದರು ಡಾಕ್ಟರ್, ನಿನ್ನೆ ಕೇಳಿದ್ನಲ್ರೀ ನಾನು, ಒಂದು ದಿನ ಹೋಯ್ತಲ್ರೀ, ಅಂದು ನನ್ನ ಉತ್ತರಕ್ಕೆ ನಿಲ್ಲದೆ ಫೋನು ಕಿವಿಗಿಟ್ಟುಕೊಂಡು ಒಳಗೆ ಓಡಿದರು, ನರ್ಸನ್ನು ಕೂಗಿದರು, ಕಬ್ಬಿಣದ ಸ್ಟ್ಯಾಂಡು ಎಳೆದ ಸದ್ದು. ಅಕ್ಕ ಅಲ್ಲೇ ಕೂತಿದ್ದಾಳೆ. ಬೈಯಲಿಲ್ಲ, ಬೈಯೇ, ಕೂದಲು ಹಿಡಿದು ಎಳಿ, ಕೆನ್ನೆಗೆ ಬಾರಿಸು, ನನ್ನ ಕಡೆ ನೋಡದೆ ಕೈಯಲ್ಲಿದ್ದ ಅರ್ಧ ಬನ್ನನ್ನು ಕುರ್ಚಿಯ ಮೇಲಿಟ್ಟಳು, ಎದ್ದಳು, ಬಾಗಿಲ ಹಿಡಿಗೆ ಕೈಹಾಕಿದವಳು ನಿಂತು, ಏನೋ ನೆನಪು ಮಾಡಿಕೊಳ್ಳುವ ಹಾಗೆ ಮೆಲ್ಲಗೆ ಅಂದಳು, ಸ್ನಾನದ ಮನೆ ಕಿಟಕಿಯಿಂದ ಒಂದ್ಸಲ ನೋಡಿದ್ದೆ ನಿನ್ನ, ಹಿತ್ತಲಲ್ಲಿ ಮಣ್ಣು ಮಗುಚ್ತಿದ್ದೆ, ನೀನು ಮುಖಕ್ಕೆ ಮಾಸ್ಕ್ ಹಾಕ್ಕೊಂಡಿದ್ದೆ. ಹೋದಳು, ಬಾಗಿಲು ಮುಚ್ಚಿತು.

ಹಾಕಿಕೊಂಡಿದ್ದೆ. ಹೌದು, ಹಾಕಿಕೊಂಡಿದ್ದೆ, ಕೈಗೆ ಅಭ್ಯಾಸ, ಬಾಟಲಿ ಮುಟ್ಟುವ ಮೊದಲು ಮುಖಕ್ಕೆ ಕಟ್ಟಿಕೊಳ್ಳುವುದು ರೂಢಿ, ಯೋಚನೆಯೇ ಬೇಡ, ಕೈ ತಾನಾಗಿ ಹೋಗುತ್ತದೆ, ಆ ರೂಢಿ ಯಾಕೆ ಬಂತು ಅಂತ ಕೈಗೆ ಗೊತ್ತಿತ್ತು, ನನಗೂ ಗೊತ್ತಿತ್ತು, ಚೀಲದಲ್ಲಿ ಇನ್ನೂ ಒಂದು ಇತ್ತು, ಹೊಸದು, ಮಡಿಕೆ ಬಿಚ್ಚದ್ದು, ತೆಗೆಯಲಿಲ್ಲ, ಮಾಸ್ಕ್ ಹಾಕಿದರೆ ವಾಸನೆ ಹೇಗೆ ಗೊತ್ತಾಗಬೇಕು, ಮಾಸ್ಕಿನ ಹಿಂದಿನಿಂದಲೇ ಕರೆದೆ, ಬಾರೇ ಹರಳೂ, ಓಡಿ ಬಂತು, ಬರೀ ಮುಖ, ಅಂಗೈ ತುಂಬಾ ಮಣ್ಣು ಎತ್ತಿಕೊಂಡಿತು, ಎಳಿ ಅಂದೆ, ಕಣ್ಣು ಮುಚ್ಚಿತು, ಬರೀ ಮುಖ, ಅಂಗೈಯಲ್ಲಿ ಮೂಗು ಹುದುಗಿಸಿ, ಭುಜ ಇಳಿಬಿಟ್ಟು, ಎಳೆದುಕೊಂಡಿತು, ಎಳಿ ಅಂದೆ, ಎಳೆದುಕೊಂಡಿತು, ಅಂಗೈ ತುಂಬಾ ಮಣ್ಣು, ಬರೀ ಮುಖ, ಕಣ್ಣು ಮುಚ್ಚಿ —